ಅಂಗೈ ಬಿಚ್ಚುವ ಆಟ

ಮೇ 6, ಮಂಗಳವಾರ. ಬೆಳಿಗ್ಗೆ 7.30

ಕರಿ ಕೈ ಚಾರ್ಜಿಗೆ ಇಟ್ಟಿದ್ದೇನೆ. ಕೆಂಪು ದೀಪ ಹಸಿರಾಗುವ ತನಕ ಕಾಯಬೇಕು. ನಿನ್ನೆಯೇ ಇಡಬೇಕಿತ್ತು — ಮರೆತೆ. ಶ್ವೇತ ಎರಡು ಸಲ ಜ್ಞಾಪಿಸಿದ್ದಳು. ಸೊಸೆ ಹೇಳಿದ್ದನ್ನು ಮರೆಯುವುದಕ್ಕೆ ಈಗ ಲಕ್ವದ ನೆಪ ಸಿಕ್ಕಿದೆ. ಅಷ್ಟು ಮಾತ್ರ ಲಾಭ.

ಕರಿ ಕೈ ಎಂದರೆ ಗ್ಲೌಸು. ಕಪ್ಪು ಬಣ್ಣ, ಬೆರಳು ಬೆರಳಿಗೂ ವೈರು. ಮಗ ರಾಜಶೇಖರ ಆನ್‌ಲೈನಿನಲ್ಲಿ ತರಿಸಿದ್ದು. ಎಡಗೈಗೆ ಹಾಕಿಕೊಂಡು ಟ್ಯಾಬಿನ ಮುಂದೆ ಕೂರಬೇಕು. ಅದರೊಳಗೊಂದು ಕೆರೆ, ಕೆರೆಯಲ್ಲಿ ತಾವರೆ ಮೊಗ್ಗು. ನಾನು ಅಂಗೈ ಬಿಚ್ಚಿದರೆ ಮೊಗ್ಗೂ ಬಿಚ್ಚಬೇಕು. ಬಿಚ್ಚುವುದಿಲ್ಲ. 'ಊಪ್ಸ್! ಟ್ರೈ ಅಗೇನ್' ಎನ್ನುತ್ತದೆ ಒಂದು ಹೆಣ್ಣು ದನಿ. ನಿನ್ನೆ ಇಪ್ಪತ್ತು ಸಲ ಹೇಳಿಸಿಕೊಂಡೆ. ಕೊನೆಗೆ ಮಾರ್ಕ್ಸು — ನೂರಕ್ಕೆ ಹದಿನಾಲ್ಕು. ಆ ಮಾರ್ಕ್ಸು ತಾನಾಗಿಯೇ ಕೊಪ್ಪದ ಫಿಸಿಯೋ ಪವಿತ್ರಾಳ ಫೋನಿಗೆ ಹೋಗುತ್ತದೆಯಂತೆ. ಅರವತ್ತೊಂದನೇ ವಯಸ್ಸಿಗೆ ಫೇಲಾಗಿ ಪ್ರೋಗ್ರೆಸ್ ಕಾರ್ಡು ಕಳಿಸಿಕೊಳ್ಳುವ ಯೋಗ.

ಬಿದ್ದದ್ದು ಮಾರ್ಚ್ ಒಂಬತ್ತಕ್ಕೆ. ಅಂಗಡಿಯಲ್ಲೇ, ಒಬ್ಬ ಮದುಮಗಳಿಗೆ ಬಳೆ ಇಡುತ್ತಾ. ಕಾಲು ಬಂತು. ಮಾತು ಬೇಗ ಬಂತು — ಮನೆಯವರ ಗ್ರಹಚಾರ. ಎಡಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತಿದೆ. ಮೂವತ್ನಾಲ್ಕು ವರ್ಷ ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನ ಎದುರು ಬಳೆ ಅಂಗಡಿ ನಡೆಸಿದವಳು ನಾನು. ಎಂಥ ಗಡುಸು ಕೈಯನ್ನೂ ಹಿಸುಕಿ, ಮೆತ್ತಗೆ ಮಾಡಿ, ಎರಡು-ನಾಲ್ಕರ ಅಳತೆಯ ಬಳೆ ಏರಿಸಿದ್ದೇನೆ. ಈಗ ನನ್ನದೇ ಕೈ ನನ್ನ ಮಾತು ಕೇಳುವುದಿಲ್ಲ.

ಹಸಿರು ಬಂತು. ಹೋಗುತ್ತೇನೆ.

ಮೇ 8, ಗುರುವಾರ

ಇವತ್ತು ಕೆರೆಯೂ ಇಲ್ಲ, ತಾವರೆಯೂ ಇಲ್ಲ. ಅಪ್ಡೇಟ್ ಆಗಬೇಕಂತೆ. ಆದಮೇಲೆ ಓಟಿಪಿ ಬೇಕಂತೆ. ಅದು ರಾಜಶೇಖರನ ಫೋನಿಗೆ ಬರುತ್ತದೆ. ಅವನು ಕೆಳಗೆ ಅಂಗಡಿಯಲ್ಲಿ, ನಾನು ಮೇಲೆ ಮನೆಯಲ್ಲಿ. ಕಿಟಕಿಯಿಂದ ಕೂಗಿದೆ. ಅವನು ಅಂಗಡಿ ಮೆಟ್ಟಿಲಿಗೆ ಬಂದು ಒಂದೊಂದೇ ನಂಬರು ಕೂಗಿದ. ನಾನು ಒಂದೇ ಬೆರಳಲ್ಲಿ ಒತ್ತುವಷ್ಟರಲ್ಲಿ ಟೈಮ್ ಮುಗಿಯಿತು. ಹೀಗೇ ಮೂರು ಸಲ. ಶಿವಮೊಗ್ಗ ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ನನ್ನ ಓಟಿಪಿ ಬಾಯಿಪಾಠ ಆಗಿದೆ. ನಾಲ್ಕನೇ ಸಲ ಕಿಟಕಿ ಹಾಕಿ ಮಲಗಿದೆ.

ಬೆಂಕಿಪೊಟ್ಟಣದ ಫೋನು ನೆನಪಾಯಿತು. ಎರಡು ಖಾಲಿ ಪೊಟ್ಟಣ, ನಡುವೆ ದಾರ. ನಾನು ಸ್ಕೂಲಿನ ಈ ತುದಿಯಲ್ಲಿ, ಕಮಲ ಆ ತುದಿಯಲ್ಲಿ. 'ಹಲೋ, ಊಟ ಆಯ್ತಾ?' ದಾರ ಬಿಗಿಯಾಗಿದ್ದರೆ ಸಾಕು, ಕಿವಿಯೊಳಗೇ ಬಂದು ಹೇಳಿದ ಹಾಗೆ ಕೇಳುತ್ತಿತ್ತು. ಕಮಲ ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟಳು. ಅವ್ವನ ಜೊತೆ ಎಸ್ಟೇಟಿನ ಕೂಲಿಗೆ ಹೋದಳು. ಆಮೇಲೆ ಎಲ್ಲಿಗೆ ಸೇರಿದಳೋ ಗೊತ್ತಿಲ್ಲ. ಐವತ್ತು ವರ್ಷ ಆಯಿತು.

ಮೇ 12, ಸೋಮವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಇದನ್ನು ಬೇರೆ ಯಾರಿಗೂ ಹೇಳಲಾರೆ.

ಇಷ್ಟಲಿಂಗ ಎಡ ಅಂಗೈಯಲ್ಲಿ ಕೂರಬೇಕು. ಬಲಗೈ ನೀರು, ವಿಭೂತಿ, ಪತ್ರೆ ಏರಿಸಬೇಕು. ಒಂಬತ್ತು ವರ್ಷದವಳಿಂದ ಹೀಗೇ ಮಾಡಿದ್ದೇನೆ. ಜ್ವರ ಬಂದಾಗಲೂ, ಹೆತ್ತಾಗಲೂ, ಯಜಮಾನರು ಹೋದ ದಿನವೂ. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಲೋಹ ಇರಬಾರದೆಂದು ಕರಡಿಗೆ ಬಿಚ್ಚಿಸಿದರು — ಎದೆಯ ಮೇಲಿನ ಬೆಳ್ಳಿ ಕರಡಿಗೆ, ಅದರೊಳಗೇ ಲಿಂಗ. ರಾಜಶೇಖರ ಅದನ್ನು ಕರ್ಚೀಫಿನಲ್ಲಿ ಹಿಡಿದು ಬಾಗಿಲಾಚೆ ನಿಂತಿದ್ದ. ಆವತ್ತಿನಿಂದ ಬರೀ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೇನೆ, ಅಷ್ಟೇ.

ಇವತ್ತು ಹಟ ಬಂತು. ಬಲಗೈಯಿಂದ ಎಡಗೈ ಬೆರಳುಗಳನ್ನು ಬಲವಂತವಾಗಿ ಬಿಡಿಸಿ ಲಿಂಗ ಇಟ್ಟೆ. ಬಲಗೈ ತೆಗೆದೆನೋ ಇಲ್ಲವೋ, ಬೆರಳು ಚಟಕ್ಕನೆ ಮಡಚಿಕೊಂಡವು. ಲಿಂಗ ಜಾರಿ ಮಡಿಲಿಗೆ ಬಿತ್ತು. ನೆಲಕ್ಕೆ ಬೀಳಲಿಲ್ಲ, ಸದ್ಯ.

ಮಧ್ಯಾಹ್ನ ಮಠದ ಅಯ್ಯನವರೇ ಫೋನು ಮಾಡಿದ್ದರು. ಮೊಮ್ಮಗಳು ಶಿವಾನಿಗೆ ಒಂಬತ್ತಾಯಿತು. ಲಿಂಗದೀಕ್ಷೆಗೆ ಶ್ರಾವಣದ ಕೊನೆಯ ಸೋಮವಾರ ಇಟ್ಟಿದ್ದಾರೆ — ಆಗಸ್ಟ್ ಹದಿನೆಂಟು. ನಮ್ಮ ಮನೆಯ ಪದ್ಧತಿ ಒಂದಿದೆ. ದೀಕ್ಷೆಯ ದಿನ ಮನೆಯ ಹಿರಿ ಹೆಂಗಸು ಮಗುವಿನ ಪಕ್ಕ ಕೂತು ತನ್ನ ಪೂಜೆ ತಾನು ಮಾಡಬೇಕು. ಬಾಯಿ ಬಿಟ್ಟು ಹೇಳಿಕೊಡುವಂತಿಲ್ಲ. ಮಗು ನೋಡಿಯೇ ಕಲಿಯಬೇಕು. ನನಗೆ ನಮ್ಮಜ್ಜಿ ಹಾಗೇ ಕಲಿಸಿದ್ದು.

"ಕೈ ಆಗ್ದಿದ್ರೆ ಬಲಗೈಲೇ ಮಾಡಿ ತಾಯಿ. ಇಲ್ಲಾ ಮನಸ್ಸಲ್ಲೇ ಮಾಡ್ಕೊಳಿ, ದೋಷ ಇಲ್ಲ" ಎಂದರು ಅಯ್ಯನವರು.

ದೋಷ ಇಲ್ಲ, ಸರಿ. ಆದರೆ ನನ್ನ ಮನಸ್ಸಿನೊಳಗೆ ನಡೆಯುವುದನ್ನು ಆ ಮಗು ನೋಡಿ ಕಲಿಯುವುದು ಹೇಗೆ? ಆಗಸ್ಟಿನೊಳಗೆ ಈ ಕೈ ಬಿಚ್ಚಬೇಕು. ಬೇರೇನೂ ಬೇಡ ನನಗೆ.

ಮೇ 15, ಗುರುವಾರ

ಶ್ವೇತ ಬಾಳಗಡಿಯ ಕಾಲೇಜಿಗೆ ಪಾಠಕ್ಕೆ ಹೋಗುತ್ತಾಳೆ. ಹಗಲು ನನ್ನ ಜೊತೆಗಿರಲು ರಾಜಶೇಖರ ಒಬ್ಬ ಹೆಂಗಸನ್ನು ಗೊತ್ತು ಮಾಡಿದ. ಜಯಪುರದ ಕಡೆ ಕಾಫಿ ಎಸ್ಟೇಟಿನಲ್ಲಿ ದುಡಿದು ಈಗ ಇಲ್ಲೇ ಮಗಳ ಮನೆಯಲ್ಲಿದ್ದಾಳಂತೆ. ಬಂದಳು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಳು. ನಾನು ಮೊದಲು ಕೈ ನೋಡಿದೆ — ಅಭ್ಯಾಸ. ಬೆರಳುಗಳೆಲ್ಲ ಗಂಟು ಗಂಟು. ಬಲಗೈ ಕಿರುಬೆರಳು ಸೊಟ್ಟ.

ಆ ಸೊಟ್ಟ ಬೆರಳು ನನಗೆ ಗೊತ್ತು.

"ಕಮಲ?" ಎಂದೆ.

"ಹೂಂ ಅಮ್ಮ. ನಿಮ್ಗೆ ಗುರ್ತು ಸಿಗ್ತದೋ ಇಲ್ವೋ ಅಂದ್ಕೊಂಡಿದ್ದೆ."

ಅಮ್ಮ ಎಂದಳು. ಗಂಗೆ ಎಂದು ಕರೆಯುತ್ತಿದ್ದವಳು. ಗಂಗಾಂಬಿಕೆ ಎಂಬ ಇಡೀ ಹೆಸರನ್ನು ಆಗ ಯಾರೂ ಕರೆದದ್ದಿಲ್ಲ. ಇಬ್ಬರೂ ಕಾಫಿ ಕುಡಿದೆವು.

ಮೇ 20, ಮಂಗಳವಾರ

ಶಿವಾನಿಗೆ ರಜಾ. ಟ್ಯಾಬಿಗೆ ಕಾದು ಕೂತಿರುತ್ತಾಳೆ. ನನ್ನ ಇಪ್ಪತ್ತು 'ಊಪ್ಸ್' ಮುಗಿದರೆ ಅವಳ ಸರದಿ. ಇವತ್ತು ಹನ್ನೊಂದನೇ ಊಪ್ಸಿಗೆ ಗ್ಲೌಸು ಕಿತ್ತು ಎಸೆದೆ. ಅವಳು ಎತ್ತಿಕೊಂಡು ತನ್ನ ಕೈಗೆ ಹಾಕಿಕೊಂಡಳು. ದೊಗಳೆ. ಆದರೂ ತಾವರೆ ಪಟಪಟನೆ ಅರಳಿತು. 'ಗುಡ್ ಜಾಬ್!' ಕಪ್ಪೆ ಕುಣಿಯಿತು. ಕಪ್ಪೆ ಇರುವುದೇ ನನಗೆ ಗೊತ್ತಿರಲಿಲ್ಲ. ಮಾರ್ಕ್ಸು ಅರವತ್ತೊಂದು.

ಸಂಜೆ ರಾಜಶೇಖರ ಓಡುತ್ತಾ ಮೆಟ್ಟಿಲು ಹತ್ತಿ ಬಂದ. "ಅಮ್ಮ! ಸಿಕ್ಸ್ಟಿ ಒನ್! ಪವಿತ್ರಾ ಮೇಡಂ ಮೆಸೇಜ್ ಹಾಕಿದಾರೆ!"

ಅವನ ಮುಖ ನೋಡಿದೆ. ಮಾರ್ಚಿನಿಂದ ಈ ಹುಡುಗ ಹೀಗೆ ನಕ್ಕದ್ದಿಲ್ಲ. ಶಿವಾನಿ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ.

ನಾಳೆ ಹೇಳಿದರಾಯಿತು.

ಮೇ 30, ಶುಕ್ರವಾರ

ಹೇಳಿಲ್ಲ.

ಮಾರ್ಕ್ಸು ಎಂಬತ್ತೆಂಟು. ಲೆವೆಲ್ ಒಂಬತ್ತು. ಈಗ ಕೆರೆಯಲ್ಲಿ ಬಾತುಕೋಳಿ. ಪವಿತ್ರಾ ಫೋನು ಮಾಡಿ, "ಸೂಪರ್ ಅಮ್ಮ, ಇಷ್ಟು ಫಾಸ್ಟ್ ರಿಕವರಿ ನಾನು ನೋಡೇ ಇಲ್ಲ. ವಾರ ವಾರ ಕೊಪ್ಪಕ್ಕೆ ಬರೋದು ಬೇಡ, ತಿಂಗಳಿಗೊಂದು ಸಲ ಸಾಕು" ಎಂದಳು. ಆ ಹುಡುಗಿ ಅಷ್ಟು ಖುಷಿಯಾಗಿ ಮಾತಾಡುವಾಗ ಏನು ಹೇಳಲಿ?

ನಿಜ ಬರೆಯುತ್ತೇನೆ. ನಾನು ಗ್ಲೌಸು ಮುಟ್ಟಿ ಹತ್ತು ದಿನವಾಯಿತು. ಬೇರೆ ವ್ಯಾಯಾಮವನ್ನೂ ಬಿಟ್ಟಿದ್ದೇನೆ. ದಿನಾ ಸೋಲುವುದಕ್ಕಿಂತ ಯಾರೋ ಗೆಲ್ಲುವುದನ್ನು ನೋಡುವುದು ಸುಖ. ಮನೆಯವರ ಮುಂದೆ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತೇನೆ. 'ಚಳಿ' ಎನ್ನುತ್ತೇನೆ. ಮೇ ತಿಂಗಳಲ್ಲಿ.

ಜೂನ್ 14, ಶನಿವಾರ

ಮೂರು ದಿನದಿಂದ ಕರೆಂಟಿಲ್ಲ. ಎಲ್ಲೋ ಲೈನಿನ ಮೇಲೆ ಮರ ಬಿದ್ದಿದೆ. ಟ್ಯಾಬು ಸತ್ತಿದೆ, ಗ್ಲೌಸು ಸತ್ತಿದೆ, ಬಾತುಕೋಳಿಗೂ ರಜೆ. ಶಿವಾನಿ ಬೋನಿಗೆ ಹಾಕಿದ ಬೆಕ್ಕಿನ ಹಾಗೆ ಮನೆ ತುಂಬ ಸುತ್ತುತ್ತಿದ್ದಾಳೆ. "ಅಜ್ಜಿ, ನೀನು ಚಿಕ್ಕೋಳಿದ್ದಾಗ ಕರೆಂಟ್ ಹೋದ್ರೆ ಏನ್ಮಾಡ್ತಿದ್ದೆ?"

"ಕರೆಂಟೇ ಇರ್ಲಿಲ್ಲ ಕೂಸೆ, ಹೋಗೋಕೆ" ಎಂದಳು ಕಮಲ. ಎದ್ದು ಹೋಗಿ ಅಂಗಡಿಯ ಹಿಂದೆ ಗಾರೆ ಕೆಲಸಕ್ಕೆ ಸುರಿದಿದ್ದ ಜಲ್ಲಿಯಿಂದ ಐದು ಕಲ್ಲು ಆರಿಸಿ ತಂದಳು.

ಐದು ಕಲ್ಲಾಟ. ಒಂದನ್ನು ಮೇಲೆ ಎಸೆದು, ಅದು ಬೀಳುವುದರೊಳಗೆ ನೆಲದ ಕಲ್ಲು ಬಾಚಿಕೊಳ್ಳಬೇಕು. ಮೊದಲು ಒಂದೊಂದು, ಆಮೇಲೆ ಎರಡೆರಡು. ಕಮಲಳ ಸೊಟ್ಟ ಬೆರಳು ಏನೂ ಮರೆತಿಲ್ಲ. ನನ್ನ ಬಲಗೈಯೂ. ಶಿವಾನಿ ಬಾಯಿ ತೆರೆದು ನೋಡುತ್ತಿದ್ದಳು. ಐದನೆಯ ಸುತ್ತಿಗೆ ಬಂದಾಗ ನಾನು ನಿಂತೆ. ಆ ಸುತ್ತಿಗೆ ಎಡಗೈ ಬೇಕು. ಹೆಬ್ಬೆರಳು, ತೋರುಬೆರಳು ಅಗಲಿಸಿ ನೆಲಕ್ಕೆ ಊರಿ ಕಮಾನು ಮಾಡಬೇಕು. ನಾವು ಅದಕ್ಕೆ ಕೊಟ್ಟಿಗೆ ಎನ್ನುತ್ತಿದ್ದೆವು. ಕಲ್ಲೆಲ್ಲ ದನ. ಒಂದೊಂದಾಗಿ ಒಳಗೆ ಹೊಡೆಯಬೇಕು.

"ಎಂತಕ್ಕೆ ನಿಂತ್ರಿ?" ಎಂದಳು ಕಮಲ. "ಎಂಬತ್ತೆಂಟು ಮಾರ್ಕಿನ ಕೈಯಲ್ವಾ? ಕೊಟ್ಟಿಗೆ ಹಾಕಿ."

ಅವಳಿಗೆ ಗೊತ್ತು. ಮೊದಲ ದಿನದಿಂದಲೂ ಗೊತ್ತು. ಸೆರಗಿನಿಂದ ಕೈ ತೆಗೆದು ನೆಲದ ಮೇಲಿಟ್ಟೆ. ಮುಷ್ಟಿ ಇನ್ನೂ ಬಿಗಿದಿದೆ, ಮೇ ತಿಂಗಳಿಗಿಂತ ಹೆಚ್ಚಾಗಿ. ಉಗುರು ಅಂಗೈಗೆ ಚುಚ್ಚಿ ಗುರುತು ಬಿದ್ದಿದೆ. ಕಮಲ ಒಂದೊಂದೇ ಬೆರಳು ಬಿಡಿಸಿ, ತನ್ನ ಕೈಯನ್ನು ಮೇಲೆ ಒತ್ತಿ ಹಿಡಿದಳು. "ಈಗ ಆಡಿ" ಎಂದಳು. ನಾಲ್ಕು ದನದಲ್ಲಿ ಎರಡು ಒಳಗೆ ಹೋದವು.

ಶಿವಾನಿ ನನ್ನ ಅಂಗೈಯ ಗುರುತು ನೋಡಿ ಎದ್ದು ಒಳಗೆ ಹೋದಳು.

ಜೂನ್ 18, ಬುಧವಾರ. ಸಂಜೆ

ಕೊಪ್ಪಕ್ಕೆ ಹೋಗಿದ್ದೆವು. ತಿಂಗಳ ಚೆಕಪ್. ದಾರಿಯುದ್ದಕ್ಕೂ ಹೇಳಬೇಕು ಹೇಳಬೇಕು ಎಂದುಕೊಂಡೆ, ಹೇಳಲಿಲ್ಲ. ಪವಿತ್ರಾ ನಗುತ್ತಾ ಕೈ ಹಿಡಿದುಕೊಂಡಳು. ನಗು ಹೋಯಿತು. ಬೆರಳು ಬಗ್ಗಿಸಿದಳು, ಮಣಿಕಟ್ಟು ತಿರುಗಿಸಿದಳು. ಫೋನು ತೆಗೆದು ಮಾರ್ಕ್ಸು ನೋಡಿದಳು. ಮತ್ತೆ ಕೈ.

"ಇದು ಎಂಬತ್ತೆಂಟರ ಕೈಯಲ್ಲ ಅಮ್ಮ."

"ಅಲ್ಲ. ಅದು ಮೊಮ್ಮಗಳದ್ದು" ಎಂದೆ. ಎಲ್ಲ ಹೇಳಿದೆ. ರಾಜಶೇಖರ ಪಕ್ಕದಲ್ಲೇ ನಿಂತಿದ್ದ.

ಆ ಹುಡುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೊದಲ ಆರು ತಿಂಗಳು ತುಂಬ ಮುಖ್ಯ ಅಮ್ಮ. ಒಂದು ತಿಂಗಳು ಸುಮ್ನೆ ಹೋಯ್ತಲ್ಲ. ನಾನೂ ಬರೀ ಮಾರ್ಕ್ಸ್ ನೋಡಿ ನಂಬಿದೆ, ನಂದೂ ತಪ್ಪು" ಎಂದಳು.

"ಆಗಸ್ಟಿಗೆ ಆಗ್ತದಾ?"

"ಗೊತ್ತಿಲ್ಲ. ಇವತ್ತಿಂದ ನಿಜವಾಗ್ಲೂ ಮಾಡಿದ್ರೆ... ನೋಡೋಣ."

ವಾಪಸು ಮನೆ ಹತ್ತಿರ ಬಂದಾಗ ರಾಜಶೇಖರ, "ಅಮ್ಮ, ನಾನು ಊರಿಗೆಲ್ಲ ಹೇಳ್ಕೊಂಡು ಬಂದಿದ್ದೆ" ಎಂದ. ಅಷ್ಟೇ. ನನಗೆ ನಾಚಿಕೆಯಾಗಿದೆ. ಬೇರೆ ಯಾರನ್ನು ದೂರಲಿ? ಯಂತ್ರಕ್ಕೆ ಮೋಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಜೂನ್ 19, ಗುರುವಾರ

ಶಿವಾನಿ ಊಟ ಬಿಟ್ಟಿದ್ದಾಳೆ. ಶ್ವೇತ ಎಷ್ಟು ಕರೆದರೂ ಬರಲಿಲ್ಲ. "ಅತ್ತೆ, ನೀವೇ ಮಾತಾಡಿ, ಅವಳು ಬೈಸಿಕೊಳ್ಳೋಕೂ ತಯಾರಿಲ್ಲ, ಸಮಾಧಾನಕ್ಕೂ ತಯಾರಿಲ್ಲ" ಎಂದಳು. ನಾನೇ ಹೋಗಿ ಮಂಚದ ಮೇಲೆ ಕೂತೆ. ದಿಂಬಿನೊಳಗಿಂದ ಮಾತು ಬಂತು.

"ನೀನು ದಿನಾ ಫೇಲಾಗಿ ಅಳ್ತಿದ್ದೆ. ನಾನು ಪಾಸು ಮಾಡ್ಸಿದೆ. ನಿನ್ ಕೈ ಹಾಳಾಗ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ ಅಜ್ಜಿ."

ನಾನು ಅಳುತ್ತಿದ್ದುದನ್ನು ಯಾರೂ ನೋಡಿಲ್ಲ ಎಂದುಕೊಂಡಿದ್ದೆ.

"ನಿಂಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ತಪ್ಪು ನಂದು" ಎಂದೆ. "ಎದ್ದೇಳು. ನಂಗೆ ಹಸಿವಾಗಿದೆ."

ಇಬ್ಬರೂ ರೊಟ್ಟಿ ತಿಂದೆವು. ಅವಳು ಮೂರು.

ಜೂನ್ 25, ಬುಧವಾರ

ಹೊಸ ಟೈಂಟೇಬಲ್. ಶಿವಾನಿ ಬರೆದು ಗೋಡೆಗೆ ಅಂಟಿಸಿದ್ದಾಳೆ. ಬೆಳಿಗ್ಗೆ ಪವಿತ್ರಾ ಹೇಳಿದ ವ್ಯಾಯಾಮ. ಹನ್ನೊಂದಕ್ಕೆ ಕಮಲಳ ಜೊತೆ ಚನ್ನೆಮಣೆ. ಸಂಜೆ ಸ್ಕೂಲು ಬಿಟ್ಟ ಮೇಲೆ ಕಲ್ಲಾಟ. ಕೊನೆಗೆ ಗ್ಲೌಸು, ಹತ್ತು ನಿಮಿಷ, 'ನಿಜವಾದ ಕೈ' ಎಂದು ಆವರಣದಲ್ಲಿ ಬರೆದಿದ್ದಾಳೆ.

ಚನ್ನೆಮಣೆ ಅಟ್ಟದಲ್ಲಿತ್ತು. ಹದಿನಾಲ್ಕು ಗುಳಿ. ಹುಣಿಸೆಬೀಜ ತುಂಬಿ, ಒಂದು ಗುಳಿಯಿಂದ ಬಾಚಿ, ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತಾ ಹೋಗುವುದು. ಎಡಗೈಯಲ್ಲೇ ಆಡಬೇಕೆಂದು ಕಮಲಳ ಕಾನೂನು. ಬೀಜ ಬಾಚುವುದು ಸುಲಭ, ಮುಷ್ಟಿ ಹೇಗೂ ಕಟ್ಟಿದೆ. ಒಂದೊಂದೇ ಬಿಡುವುದೇ ಕಷ್ಟ. ಬಿಡಬೇಕಾದರೆ ಬೆರಳು ಬಿಚ್ಚಬೇಕು. ಒಂದು ಆಟಕ್ಕೆ ಮುಕ್ಕಾಲು ಗಂಟೆ. ಕಮಲ ಅವಸರ ಮಾಡುವುದಿಲ್ಲ, ಪಾಪ ಎಂದು ಬಿಟ್ಟುಕೊಡುವುದೂ ಇಲ್ಲ. ಇವತ್ತು ನನ್ನ ಕಡೆಯ ಏಳು ಗುಳಿಯನ್ನೂ ಬರಿದು ಮಾಡಿ ಎಲೆ ಅಡಿಕೆ ಹಾಕಿಕೊಂಡಳು.

"ಕಾಯಿಲೆಯವಳ ಮೇಲೆ ಸ್ವಲ್ಪವಾದ್ರೂ ಕರುಣೆ ಬೇಡ್ವಾ ಮಾರಾಯ್ತಿ?"

"ಕರುಣೆ ಬೇಕಾದ್ರೆ ಆ ಡಬ್ಬದಲ್ಲಿ ಗುಡ್ ಜಾಬ್ ಅನ್ನೋಳಿದಾಳಲ್ಲ, ಅವ್ಳ ಹತ್ರ ಹೋಗಿ."

ಗ್ಲೌಸಿನ ಮಾರ್ಕ್ಸು ಹನ್ನೊಂದು. ಹದಿನಾಲ್ಕಕ್ಕಿಂತ ಕೆಳಗೆ. ಪವಿತ್ರಾಳ ಫೋನಿಗೆ ಹೋಗಲಿ.

ಜುಲೈ 6, ಭಾನುವಾರ

ಇವತ್ತು ಕೊಟ್ಟಿಗೆ ನಿಂತಿತು. ಕಮಲ ಕೈ ಒತ್ತಿ ಹಿಡಿಯದೆ, ತಾನಾಗಿಯೇ. ಮೂರು ದನ ಹೊಡೆದೆ. ನಾಲ್ಕನೆಯದಕ್ಕೆ ಕಮಾನು ಕುಸಿಯುತ್ತದೆ ಎನ್ನಿಸಿ ಕಲ್ಲನ್ನು ಮೊಣಕೈಯಿಂದ ಒಳಗೆ ತಳ್ಳಿಬಿಟ್ಟೆ.

"ಗಂಗೆ! ಕಳ್ಳಾಟ ಆಡ್ಬೇಡ!"

ಹೇಳಿದ ಮೇಲೆ ಅವಳೇ ಬೆಚ್ಚಿದಳು. ಶಿವಾನಿ, "ಗಂಗೆ ಅಂದ್ರೆ ಯಾರು?" ಎಂದಳು. ನಾನು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಶಿವಾನಿ ಹೋದ ಮೇಲೆ ಹೇಳಬೇಕೆನಿಸಿದ್ದನ್ನು ಹೇಳಿದೆ. ಮೂರನೇ ಕ್ಲಾಸಿನಲ್ಲಿ ಒಂದು ದಿನ ಅವಳನ್ನು ಮನೆಗೆ ಕರೆದುಕೊಂಡು ಹೋಗಿದ್ದೆ. ಜಗಲಿಯಲ್ಲಿ ಕಲ್ಲಾಡುತ್ತಿದ್ದೆವು. ನಮ್ಮಜ್ಜಿ ಬಂದು, ಇವಳು ಮುಟ್ಟಿದ ಕಲ್ಲು ಮನೆಯಲ್ಲಿ ಬೇಡವೆಂದು ಐದನ್ನೂ ಸೆಗಣಿ ಬುಟ್ಟಿಗೆ ಹಾಕಿ ಇವಳನ್ನು ಎಬ್ಬಿಸಿ ಕಳಿಸಿದ್ದರು. ನಾನು ಬಾಯಿ ಬಿಡಲಿಲ್ಲ. ಲಿಂಗ ಕಟ್ಟಿದವರಲ್ಲಿ ಮೇಲು ಕೀಳು ಇಲ್ಲ ಎಂದು ದಿನಾ ಹೇಳುತ್ತಿದ್ದ ಅಜ್ಜಿಯೇ ಹಾಗೆ ಮಾಡಿದ್ದು.

"ಅಯ್ಯೋ ಬಿಡಿ. ಕಲ್ಲಿಗೆ ಬರವಾ?" ಎಂದಳು ಕಮಲ. ಎಲೆಗೆ ಸುಣ್ಣ ಸವರಿದಳು. "ಬೇಜಾರಾಗಿತ್ತು. ನಿಮ್ಮಜ್ಜಿ ಮೇಲಲ್ಲ, ನಿನ್ ಮೇಲೆ" ಎಂದಳು.

"ಗೊತ್ತು" ಎಂದೆ. "ತಪ್ಪಾಯ್ತು ಕಮಲ."

ಅವಳು ತಲೆಯಾಡಿಸಿದಳು. ಎಲೆ ಮಡಚಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಇನ್ನೊಂದಾಟ ಆಡಿದೆವು.

ಜುಲೈ 17, ಗುರುವಾರ

ಮೂವತ್ತೊಂದು!

ತಾವರೆ ಪೂರ್ತಿ ಅರಳಲಿಲ್ಲ, ಅರ್ಧ. ಆದರೂ ಕಪ್ಪೆ ಬಂತು. ನನ್ನ ಸ್ವಂತ ಕಪ್ಪೆ. ಶಿವಾನಿ ಕುಣಿದಳು. ರಾಜಶೇಖರ ಅಂಗಡಿಯಲ್ಲಿ ಗಿರಾಕಿ ಬಿಟ್ಟು ಬಂದು, ಮೊದಲು ಟ್ಯಾಬು ನೋಡಲಿಲ್ಲ, ನನ್ನ ಕೈ ಹಿಡಿದು ನೋಡಿದ. ಅವನಿಗೆ ನಂಬಿಕೆ ಬರುವಂತೆ ಬೆರಳು ಆಡಿಸಿ ತೋರಿಸಿದೆ.

ಗ್ಲೌಸಿನ ಮೇಲೆ ಮೊದಲಿನಷ್ಟು ಸಿಟ್ಟಿಲ್ಲ. ಅದೂ ಒಂದು ಆಟದ ಸಾಮಾನೇ. ಆದರೆ ಆ ಊಪ್ಸ್ ಅನ್ನುವವಳ ದನಿಯನ್ನು ಶಿವಾನಿಗೆ ಹೇಳಿ ಮ್ಯೂಟ್ ಮಾಡಿಸಿದೆ.

ಜುಲೈ 28, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಲಿಂಗ ಇಡುವ ಧೈರ್ಯವಾಗಲಿಲ್ಲ. ಮೊದಲು ಕಲ್ಲು ಇಟ್ಟು ನೋಡಿದೆ. ಅಂಗೈ ಬಿಚ್ಚುತ್ತದೆ ಈಗ, ಪೂರ್ತಿಯಲ್ಲದಿದ್ದರೂ ಒಂದು ನಿಂಬೆಹಣ್ಣು ಕೂರುವಷ್ಟು. ಆದರೆ ಎತ್ತಿ ಹಿಡಿದರೆ ಗಡಗಡ ನಡುಗುತ್ತದೆ. ಹತ್ತು ಎಣಿಸುವಷ್ಟರಲ್ಲಿ ಕಲ್ಲು ಬಿತ್ತು. ಇನ್ನೊಮ್ಮೆ — ಎಂಟು. ಇನ್ನೊಮ್ಮೆ — ಆರು.

ಸುಸ್ತಾದರೆ ನಡುಕ ಜಾಸ್ತಿಯಂತೆ. ಪವಿತ್ರಾ ಫೋನಿನಲ್ಲಿ ಹೇಳಿದಳು, "ನಡುಕ ಸ್ವಲ್ಪ ಉಳೀಬಹುದು ಅಮ್ಮ. ಅದನ್ನ ಪ್ರಾಮಿಸ್ ಮಾಡಲ್ಲ." ಈ ಹುಡುಗಿ ಈಗ ನನಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಒಳ್ಳೆಯದೇ. ಆದರೂ ಒಂದು ಸಲ ಹೇಳಿದ್ದರೆ ಏನಾಗುತ್ತಿತ್ತು.

ಆಗಸ್ಟ್ 11, ಸೋಮವಾರ

ಇನ್ನು ಏಳು ದಿನ. ಲಿಂಗ ಇಟ್ಟೆ, ಬಲಗೈಯನ್ನು ಕೆಳಗೆ ಆಸರೆಯಾಗಿ ಹಿಡಿದು. ಹಾಗಾದರೆ ನೀರು ಎರೆಯುವುದು ಯಾವ ಕೈಯಲ್ಲಿ? ಬಲಗೈ ತೆಗೆದರೆ ನಡುಕ. ಸಿಟ್ಟು ಬಂದು, ದೀಕ್ಷೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ ಎಂದು ರಾಜಶೇಖರನಿಗೆ ಹೇಳಿಬಿಟ್ಟೆ. ಶ್ವೇತ ಸಣ್ಣ ಮಣೆ ತಂದು, "ಮೊಣಕೈ ಇದರ ಮೇಲೆ ಊರಿ ಅತ್ತೆ" ಎಂದಳು. ಬೇಡ ಎಂದೆ. ನಮ್ಮಜ್ಜಿ ಊರುಗೋಲಿಲ್ಲದೆ ಮಾಡಿದ್ದು, ನಾನು ಮಣೆ ಇಟ್ಟುಕೊಂಡು ಮಾಡುವುದಾ?

ಕಮಲ ಬೀಜ ಆರಿಸುತ್ತಾ ಎಲ್ಲ ಕೇಳಿಸಿಕೊಂಡಳು.

"ಕಲ್ಲಾಡುವಾಗ ಕೈ ನೆಲಕ್ಕೆ ಊರ್ತೀಯಲ್ಲ, ಆಗ ನಾಚಿಕೆ ಇಲ್ಲ?"

"ಅದು ಆಟ."

"ಇದು ಏನು? ನಿಮ್ಮಜ್ಜಿಗೆ ತೋರಿಸೋಕಾ ನೀನು ಕೂರೋದು, ಮಗೀಗೆ ತೋರಿಸೋಕಾ?"

ಅವಳು ಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಮಣೆ ಇಟ್ಟು ನೋಡಿದೆ. ನಡುಗಿತು. ಬೀಳಲಿಲ್ಲ. ಬಲಗೈಯಲ್ಲಿ ಒಂದು ಮಿಳ್ಳೆ ನೀರೆರೆದೆ. ಐದು ತಿಂಗಳಾಗಿತ್ತು.

ದೀಕ್ಷೆ ಇದ್ದಲ್ಲಿಯೇ ಇರಲಿ ಎಂದು ರಾಜಶೇಖರನಿಗೆ ಹೇಳಿದೆ. ಅವನು ಮುಂದಕ್ಕೆ ಹಾಕಿಯೇ ಇರಲಿಲ್ಲ.

ಆಗಸ್ಟ್ 17, ಭಾನುವಾರ

ಶಿವಾನಿಗೆ ಹೊಸ ಕರಡಿಗೆ ಬಂತು. ಚಿಕ್ಕದು, ಹೊಳೆಯುತ್ತಿದೆ. ಗ್ಲೌಸು ಹಾಕಲಿಲ್ಲ. ಕೈಗೆ ರಜೆ ಕೊಟ್ಟಿದ್ದೇನೆ.

ಆಗಸ್ಟ್ 18, ಸೋಮವಾರ. ಮಧ್ಯಾಹ್ನ 3

ಎಲ್ಲ ಮುಗಿಯಿತು. ಮರೆಯುವ ಮುಂಚೆ ಬರೆದಿಡುತ್ತೇನೆ.

ಅಯ್ಯನವರು ಎದುರು ಕೂತರು. ನಾನು, ಪಕ್ಕದಲ್ಲಿ ಶಿವಾನಿ, ಮಡಿಯುಟ್ಟು, ಹಣೆ ತುಂಬ ವಿಭೂತಿ. ಕಮಲ ಬಾಗಿಲ ಹತ್ತಿರ ನಿಂತಿದ್ದಳು. "ಅಲ್ಲಿ ಎಂತ ಮಾಡ್ತೀಯ, ನನ್ನ ಹಿಂದೆ ಬಂದು ಕೂರು" ಎಂದೆ. ಗಟ್ಟಿಯಾಗಿಯೇ ಎಂದೆ. ಬಂದು ಕೂತಳು.

ಅಯ್ಯನವರು ಶಿವಾನಿಯ ಕಿವಿಯಲ್ಲಿ ಮಂತ್ರ ಹೇಳಿ ಅಂಗೈಗೆ ಲಿಂಗ ಕೊಟ್ಟರು. ನಾನು ಮಣೆಗೆ ಮೊಣಕೈ ಊರಿ ನನ್ನದನ್ನು ಇಟ್ಟುಕೊಂಡೆ. ಕೈ ನಡುಗಲು ಶುರುವಾಯಿತು. ನಡುಗಲಿ ಎಂದು ಬಿಟ್ಟೆ. ನೀರು ಎರೆದೆ. ವಿಭೂತಿ. ಪತ್ರೆ. ಪತ್ರೆಯೂ ನಡುಗಿತು. ಬೀಳಲಿಲ್ಲ. ಕಣ್ಣು ಮುಚ್ಚುವ ಮುಂಚೆ ಪಕ್ಕಕ್ಕೆ ನೋಡಿದೆ.

ಮಗುವಿನ ಕೈಯೂ ನಡುಗುತ್ತಿತ್ತು. ನನಗೆ ಜೀವ ಝಲ್ಲೆಂದಿತು.

ಅಯ್ಯನವರೂ ನೋಡಿದರು. "ಯಾಕವ್ವ, ಭಯ ಆಗ್ತದಾ?" ಎಂದರು ಮೆಲ್ಲಗೆ.

"ಇಲ್ವಲ್ಲ" ಎಂದಳು ಶಿವಾನಿ. ನನ್ನ ಕೈ ನೋಡಿದಳು, ತನ್ನ ಕೈ ನೋಡಿದಳು, ಇನ್ನೂ ಸ್ವಲ್ಪ ನಡುಗಿಸಿದಳು. "ಹಿಡಿಯೋದು ಹಿಂಗೇ ಅಲ್ವಾ?"

ಅಯ್ಯನವರು ನನ್ನ ಕೈ ನೋಡಿದರು. "ಹೌದು. ಹಿಂಗೇ" ಎಂದರು. ನನ್ನ ಹಿಂದೆ ಕಮಲ ಮೂಗು ಸೆಳೆದದ್ದು ಕೇಳಿಸಿತು. ನಾನು ಕಣ್ಣು ಮುಚ್ಚಿದೆ, ಆದರೆ ಪೂಜೆ ಎಲ್ಲಿ, ನನಗೆ ಒಳಗೊಳಗೇ ಅಳುವೂ ನಗುವೂ ಒಟ್ಟಿಗೇ ಬಂದು

ಶ್ವೇತ ಕರೆಯುತ್ತಿದ್ದಾಳೆ. ಎಲೆ ಹಾಕಿದ್ದಾರಂತೆ, ನಾನು ಹೋಗದೆ ಕಮಲ ಕೂರುವುದಿಲ್ಲವಂತೆ. ಬಂದೆ ಎಂದರೂ ಕೇಳುವುದಿಲ್ಲ ಈ ಜನ, ಎರಡು ನಿಮಿ